ನಾಲ್ಕು ಮನೆಗೊಂದೇ ನಂಬರು

ಓಣಿಯ ಕೊನೆಯ ನಾಲ್ಕು ಮನೆಗಳಿಗೆ ಹೈಸ್ಕೂಲಿನ ಸುದ್ದಿ ಬರಬೇಕಾದರೆ ಒಂದೇ ದಾರಿ, ಮಿಷನ್ ಅಕ್ಕನ ಫೋನು. ಬಾಗಿಲ ಪಕ್ಕದಲ್ಲೇ ಹೊಲಿಗೆ ಮಿಷನ್ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುವ ಹೆಂಗಸಾದ್ದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ಮನೆಗೆ ಬಂದರೆ ನೆಂಟನ ಹಾಗೆ. ಓಣಿಯಲ್ಲಿ ಯಾರು ಹೋದರು, ಯಾರು ಬಂದರು, ಯಾರ ಮುಖ ಇವತ್ತು ಬಾಡಿದೆ, ಎಲ್ಲ ಅವಳಿಗೆ ಸೂಜಿಗೆ ದಾರ ಪೋಣಿಸುತ್ತಲೇ ಗೊತ್ತಾಗುತ್ತಿತ್ತು. ಇಂಥವಳ ಕೈಗೆ ನಾಲ್ಕು ಮನೆಯ ಮಕ್ಕಳ ಸುದ್ದಿಯೂ ಬಂದು ಸೇರಿದ್ದು ಯಾರೋ ಕೂತು ಯೋಚಿಸಿ ಮಾಡಿದ ಏರ್ಪಾಡಲ್ಲ. ತಾನಾಗಿಯೇ ಹಾಗಾಯಿತು.

ಶಾಲೆಯವರು ಹಿಂದಿನ ವರ್ಷ ಒಂದು ಕಟ್ಟಪ್ಪಣೆ ಹೊರಡಿಸಿದ್ದರು. ಇನ್ನು ಮೇಲೆ ಮನೆಗೆ ಚೀಟಿ ಕಳಿಸುವುದಿಲ್ಲ, ಮಕ್ಕಳು ಅದನ್ನು ದೋಣಿ ಮಾಡಿ ಚರಂಡಿಗೆ ಬಿಡುತ್ತಾರೆ, ಏನಿದ್ದರೂ ಫೋನಿಗೇ ಕಳಿಸುತ್ತೇವೆ, ಬದಲಾಗದ, ಹಗಲು ಹೊತ್ತು ಎತ್ತುವ ಒಂದು ಖಾಯಂ ನಂಬರು ಕೊಡಿ ಎಂದು. ಅಪ್ಪಣೆಯೇನೋ ಸರಿ, ಕೊಡುವವರು ಎಲ್ಲಿಂದ ಕೊಡಬೇಕು? ಎದುರುಮನೆಯವಳು ಕ್ಯಾಂಟೀನಿನ ದೊಡ್ಡ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು. ಒಳಗೆ ಹೋಗುವ ಮೊದಲು ಫೋನನ್ನು ಬಾಗಿಲಲ್ಲಿರುವ ಬೀರುವಿಗೆ ಹಾಕಿ ಬೀಗ ಜಡಿಯುತ್ತಾರೆ. ಮೂಲೆಮನೆಯ ಪಂಕ್ಚರ್ ಅಣ್ಣ ಫೋನಿನ ಕಾರ್ಡನ್ನು ಅಂಗಿ ಬದಲಾಯಿಸಿದಷ್ಟು ಸಲೀಸಾಗಿ ಬದಲಾಯಿಸುವವನು; ಹಳೆಯ ನಂಬರಿಗೆ ಮಾಡಿದರೆ ಯಾರೋ ಎತ್ತಿ ಬೈಯುತ್ತಾರೆ. ಇಸ್ತ್ರಿ ಅಜ್ಜಿಗೆ ಎರಡು ಕಣ್ಣಿಗೂ ಪೊರೆ. ಬಟ್ಟೆಯ ಸುಕ್ಕನ್ನು ಬೆರಳಲ್ಲಿ ಸವರಿ ಕಂಡುಕೊಳ್ಳುವವಳು ಫೋನಿನ ಅಕ್ಷರವನ್ನು ಸವರಿ ಓದುವುದು ಹೇಗೆ? ಹಾಗಾಗಿ ಮೂವರೂ ಮಿಷನ್ ಅಕ್ಕನ ನಂಬರನ್ನೇ ಬರೆಸಿದರು. ಆಫೀಸಿನವನು ಒಂದೇ ನಂಬರು ನಾಲ್ಕು ಸಲ ಬಂತಲ್ಲ ಎಂದು ಹುಬ್ಬೇರಿಸಲೂ ಇಲ್ಲ. ಅವನಿಗೆ ಖಾನೆ ತುಂಬಿದರೆ ಸಾಕಾಗಿತ್ತು. ಮಕ್ಕಳಿಗೂ ಅದೇ ಪಾಠವಾಯಿತು. ಯಾರಾದರೂ ಅಮ್ಮನ ನಂಬರು ಕೇಳಿದರೆ ಇದೇ ನಂಬರು ಹೇಳಬೇಕು ಎಂದು ನಾಲ್ವರಿಗೂ ಬಾಯಿಪಾಠ ಮಾಡಿಸಿದ್ದಾಯಿತು.

ಶಾಲೆಯಿಂದ ಬರುವ ಸುದ್ದಿಯ ಭಾಷೆಯೋ, ಅದನ್ನು ಬರೆದವನೇ ಎರಡನೇ ಸಲ ಓದಲಾರ. 'ತಮ್ಮ ಮಗುವು ಉಗುರು ಕತ್ತರಿಸದೆ ತರಗತಿಗೆ ಹಾಜರಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ.' ಮಿಷನ್ ಅಕ್ಕ ಇದನ್ನು ಬಿಡಿಸಿ, ಉಪ್ಪುಖಾರ ಹಚ್ಚಿ, ಆಯಾ ಮನೆಗೆ ತಲುಪಿಸುತ್ತಿದ್ದಳು. ನಿನ್ನ ಅಂಗಡಿಯ ಗ್ರೀಸೆಲ್ಲ ನಿನ್ನ ಮಗನ ಉಗುರಿನಲ್ಲೇ ಇದೆಯಂತಲ್ಲ ಅಣ್ಣ, ಹೊಸ ಡಬ್ಬಿಗೆ ಯಾಕೆ ದುಡ್ಡು ಹಾಕುತ್ತೀಯ ಎನ್ನುತ್ತಿದ್ದಳು. ಕೆಟ್ಟ ಸುದ್ದಿಯನ್ನು ನಗಿಸಿ ಹೇಳುವುದು, ಒಳ್ಳೆಯ ಸುದ್ದಿಗೆ ಇನ್ನೆರಡು ಮಾತು ಸೇರಿಸಿ ಹೇಳುವುದು ಅವಳ ಚಾಳಿ.

ಎಲ್ಲರಿಗೂ ಸೇರಿದ ಸುದ್ದಿಯಾದರೆ ಫೋನು ನಾಲ್ಕು ಸಲ ಕಿಣಿಗುಟ್ಟುತ್ತಿತ್ತು. ಒಂದೇ ಸಲ ಕಿಣಿ ಎಂದಿತೋ, ಒಬ್ಬರದ್ದು. ಆದರೆ ಯಾರದ್ದು? ಅದನ್ನು ಮಾತ್ರ ಅವರು ಒಮ್ಮೆಯೂ ಬರೆದವರಲ್ಲ. ನಂಬರು ಯಾರದೋ, ಮಗುವೂ ಅವರದೇ ತಾನೆ, ಹೆಸರು ಯಾಕೆ ಬೇಕು ಎಂಬುದು ಶಾಲೆಯ ಲೆಕ್ಕ. 'ನಿಮ್ಮ ಮಗು' ಎಂದರೆ ಮುಗಿಯಿತು. ಮಿಷನ್ ಅಕ್ಕ ಅದಕ್ಕೂ ಉಪಾಯ ಕಂಡುಕೊಂಡಿದ್ದಳು. ಉಗುರು, ಹರಿದ ಅಂಗಿ ಎಂದರೆ ಪಂಕ್ಚರ್ ಅಣ್ಣನ ಮಗ. ತರಗತಿಯಲ್ಲಿ ತೂಕಡಿಕೆ ಎಂದರೆ ಅಜ್ಜಿಯ ಮೊಮ್ಮಗ. ಬಾಯಿ ಮುಚ್ಚುವುದಿಲ್ಲ ಎಂದು ದೂರು ಬಂದರೆ ತನ್ನ ಮಗಳು ಪುಟ್ಟಿಯೇ, ಅನುಮಾನವೇ ಇಲ್ಲ. ಓಟದಲ್ಲಿ ಮೊದಲು, ಗಣಿತದಲ್ಲಿ ಕೊನೆ ಎಂದರೆ ಎದುರುಮನೆಯ ಗುಬ್ಬಿ. ಯಾವುದಕ್ಕೂ ಹೊಂದದ ಸುದ್ದಿ ಬಂದರೆ ಸಂಜೆ ನಾಲ್ವರನ್ನೂ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಓದುತ್ತಿದ್ದಳು. ಯಾರು ನೆಲ ನೋಡಿದರೋ ಅವರೇ ಕಳ್ಳರು. ಹೀಗೆ ಹೆಸರಿಲ್ಲದ ಸುದ್ದಿಗೆ ವಾರಸುದಾರರನ್ನು ಹುಡುಕುವುದು ಓಣಿಗೆ ಒಂದು ತಮಾಷೆಯೇ ಆಗಿಹೋಗಿತ್ತು.

ಪುಟ್ಟಿ, ಗುಬ್ಬಿ ಇಬ್ಬರೂ ಒಂಬತ್ತನೇ ತರಗತಿ. ಗುಬ್ಬಿಯ ಅಪ್ಪ ಎಂದೋ ಎದ್ದು ಹೋದವನು ತಿರುಗಿ ಬಂದಿರಲಿಲ್ಲ. ತಾಯಿಗೆ ಮಧ್ಯಾಹ್ನದಿಂದ ಕೆಲಸವಾದ್ದರಿಂದ ಹುಡುಗಿ ಸಂಜೆಯ ಊಟ, ಓದು, ಜಗಳ ಎಲ್ಲ ಮಿಷನ್ ಅಕ್ಕನ ಮನೆಯಲ್ಲೇ ಮುಗಿಸುತ್ತಿದ್ದಳು. ಅವಳು ಮಿಷನ್ ಅಕ್ಕನನ್ನು ಕರೆಯುತ್ತಿದ್ದುದು ದೊಡ್ಡಮ್ಮ ಎಂದು. ರಕ್ತಸಂಬಂಧ ಏನೂ ಇರಲಿಲ್ಲ. ಅವಳ ತಾಯಿ ಅಕ್ಕ ಎನ್ನುತ್ತಿದ್ದಳು, ಮಗಳಿಗೆ ದೊಡ್ಡಮ್ಮ ಆಯಿತು, ಅಷ್ಟೆ.

ಆ ದಿನ ಬೆಳಗ್ಗೆ ಮಿಷನ್ ಅಕ್ಕ ಯಾರದೋ ಅಂಗಿಯ ಕಾಲರು ತಿರುಗಿಸಿ ಹೊಲಿಯುತ್ತಿದ್ದಳು. ಫೋನು ಒಂದು ಸಲ ಕಿಣಿ ಎಂದಿತು. ಇವತ್ತು ಯಾರ ಉಗುರಪ್ಪ ಎಂದುಕೊಂಡು, ಕಾಲಿನಿಂದ ಮಿಷನ್ ತುಳಿಯುತ್ತಲೇ ಎತ್ತಿ ನೋಡಿದಳು.

'ಆತ್ಮೀಯ ಪೋಷಕರೇ, ನಿಮ್ಮ ಮಗುವಿಗೆ ಶಾಲಾ ಆವರಣದಲ್ಲಿ ಅಪಘಾತವಾಗಿದ್ದು, ಹೆಚ್ಚಿನ ಚಿಕಿತ್ಸೆಗಾಗಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಲಾಗಿದೆ. ಕೂಡಲೇ ಬರುವುದು.'

ಅವಳ ಕಾಲು ಎರಡು ಮೂರು ಸಲ ತಾನಾಗಿಯೇ ತುಳಿದು ನಿಂತಿತು. ಕಾಲರಿನ ಮೇಲೆ ಹೊಲಿಗೆ ಸೊಟ್ಟಗೆ ಓಡಿಹೋಗಿತ್ತು. ಮೊದಲು ಓದಿದ್ದು ಅರ್ಥವಾಗಲಿಲ್ಲ ಎಂದುಕೊಂಡು ಮತ್ತೆ ಓದಿದಳು. ಅರ್ಥವೇನೋ ಮೊದಲೇ ಆಗಿತ್ತು, ಅದರಲ್ಲಿ ಹೆಸರು ಸಿಗಲಿಲ್ಲ. ಶಾಲೆಗೆ ಫೋನು ಮಾಡಿದಳು. ಬೇರೆ ಯಾರೋ ಮಾತಾಡುತ್ತಿದ್ದಾರೆ ಎಂದಿತು. ಮತ್ತೆ ಮಾಡಿದಳು. ಅದೇ ಉತ್ತರ. ಸುದ್ದಿ ಬಂದ ನಂಬರಿಗೇ ತಿರುಗಿ ಮಾಡಿದರೆ, ಈ ನಂಬರಿಗೆ ಕರೆ ಮಾಡಲಾಗುವುದಿಲ್ಲ ಎಂದು ಒಂದು ಹೆಣ್ಣುದನಿ ಬಲು ನಯವಾಗಿ ಹೇಳಿತು. ಹೇಳುವುದಕ್ಕೆ ಮಾತ್ರ ಬಾಯಿ, ಕೇಳುವುದಕ್ಕೆ ಕಿವಿಯಿಲ್ಲ. ಎಂಥ ಏರ್ಪಾಡು ಮಾಡಿಟ್ಟಿದ್ದರು ಪುಣ್ಯಾತ್ಮರು.

ಎದುರುಮನೆಯವಳು ಹೊಸ್ತಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಮಿಷನ್ ಅಕ್ಕ ಬಾಗಿಲಿಗೆ ಬಂದು ನಿಂತ ರೀತಿ ನೋಡಿಯೇ ಅವಳ ಬಾಚಣಿಗೆ ಕೂದಲಲ್ಲೇ ನಿಂತಿತು. ಈ ಸಲ ಉಪ್ಪುಖಾರ ಏನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದಳು. ಪಂಕ್ಚರ್ ಅಣ್ಣನನ್ನು ಕೂಗಿದರು, ಅಜ್ಜಿಯನ್ನು ಕರೆತಂದರು. ನಾಲ್ವರೂ ಫೋನಿನ ಸುತ್ತ ತಲೆ ಸೇರಿಸಿ ನಿಂತರು. ಹೆಸರು ಅಕ್ಷರಗಳ ಸಂದಿಯಲ್ಲೆಲ್ಲೋ ಬಿದ್ದುಹೋಗಿದೆಯೇನೋ ಎಂಬ ಹಾಗೆ ಪಂಕ್ಚರ್ ಅಣ್ಣ ಗ್ರೀಸು ಮೆತ್ತಿದ ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದ.

"ಗಂಡೋ ಹೆಣ್ಣೋ ಅಂತಾನೂ ಬರೆದಿಲ್ವೇನೇ?" ಎಂದಳು ಅಜ್ಜಿ.

"ಮಗು ಅಂತಿದೆ ಅಜ್ಜಿ. ಅಷ್ಟೇ ಇರೋದು."

ಚಕ್ರ ರಿಪೇರಿಗೆಂದು ಯಾರೋ ಬಿಟ್ಟುಹೋಗಿದ್ದ ಸಾಮಾನು ಸಾಗಿಸುವ ಮೂರು ಗಾಲಿಯ ಗಾಡಿಯೊಂದು ರಿಪೇರಿ ಮುಗಿದು ಅಂಗಡಿ ಮುಂದೆ ನಿಂತಿತ್ತು. ಪಂಕ್ಚರ್ ಅಣ್ಣ ಅದರ ಧಣಿಯನ್ನು ಕೇಳುವ ಗೋಜಿಗೂ ಹೋಗದೆ ಹತ್ತಿ ಕೂತ. ಅಜ್ಜಿಯನ್ನು ಮುಂದೆ ಕೂರಿಸಿ ಹೆಂಗಸರಿಬ್ಬರೂ ಹಿಂದೆ ಮೂಟೆಗಳ ಜಾಗದಲ್ಲಿ ಕೂತರು.

ದಾರಿಯುದ್ದಕ್ಕೂ ಯಾರಿಗೂ ಅಳು ಬರಲಿಲ್ಲ. ಅಳುವುದಕ್ಕೆ ಯಾರದೆಂದು ಗೊತ್ತಾಗಬೇಕಲ್ಲ. ಅದರ ಬದಲು ಒಬ್ಬೊಬ್ಬರೂ ಮೆಲ್ಲಗೆ ಆ ಸುದ್ದಿಯನ್ನು ಪಕ್ಕದವರ ಕಡೆಗೆ ತಳ್ಳತೊಡಗಿದರು. ಪುಟ್ಟಿ ಮೊನ್ನೆ ತಲೆಸುತ್ತು ಎನ್ನುತ್ತಿದ್ದಳಲ್ಲ ಅಕ್ಕ ಎಂದು ಪಂಕ್ಚರ್ ಅಣ್ಣ ಮುಂದಿನಿಂದಲೇ ಕೇಳಿದ. ಅವಳು ತಿಂಡಿ ಬಿಟ್ಟಿದ್ದಕ್ಕೆ ಹಾಗಾಗಿತ್ತು, ನಿನ್ನ ಮಗನೇ ತಾನೆ ಯಾವಾಗಲೂ ಕಾಂಪೌಂಡು ಹಾರುವುದು ಎಂದಳು ಮಿಷನ್ ಅಕ್ಕ. ನನ್ನ ಮೊಮ್ಮಗ ಪಾಪ, ಎಲ್ಲಿ ಕೂರಿಸಿದರೆ ಅಲ್ಲೇ ನಿದ್ದೆ ಮಾಡುವವನು, ಅವನೆಲ್ಲಿ ಬೀಳುತ್ತಾನೆ ಎಂದಳು ಅಜ್ಜಿ ತನ್ನಷ್ಟಕ್ಕೆ ತಾನೇ. ಎದುರುಮನೆಯವಳು ಮಾತ್ರ ಗಾಡಿಯ ಅಂಚು ಹಿಡಿದು ಕೂತಿದ್ದಳು. ಅರ್ಧ ಬಾಚಿದ ಕೂದಲು ಗಾಳಿಗೆ ಮುಖದ ಮೇಲೆ ಬಡಿಯುತ್ತಿದ್ದರೂ ಸರಿಸಿಕೊಳ್ಳಲಿಲ್ಲ.

ಹೊರಗೆ ಆಡಿದ್ದು ಇಷ್ಟಾದರೆ ಮಿಷನ್ ಅಕ್ಕನ ಮನಸ್ಸು ಒಳಗೆ ಆಡುತ್ತಿದ್ದುದು ಇನ್ನೂ ಕೆಟ್ಟದ್ದು. ಅಜ್ಜಿಗೆ ಇರುವುದು ಅವನೊಬ್ಬನೇ, ಅವನಾಗುವುದು ಬೇಡ. ಎದುರುಮನೆಯವಳಿಗೂ ಗುಬ್ಬಿ ಒಬ್ಬಳೇ. ಪಂಕ್ಚರ್ ಅಣ್ಣನಿಗಾದರೆ ಇನ್ನೂ ಇಬ್ಬರು ಚಿಕ್ಕವರಿದ್ದಾರೆ. ಹೀಗೆ ಲೆಕ್ಕ ಹಾಕುತ್ತಿರುವುದು ತಾನೇ ಎಂದು ತಿಳಿದಾಗ ಅವಳಿಗೆ ಹೇಸಿಗೆಯಾಯಿತು. ಆದರೂ ಲೆಕ್ಕ ನಿಲ್ಲಲಿಲ್ಲ. ಯಾರ ಹೆಸರಿಗೆ ಹಚ್ಚಿದರೂ ಸರಿ, ಪುಟ್ಟಿಯ ಹೆಸರೊಂದು ಬಿಟ್ಟು ಎನ್ನುವಲ್ಲಿಗೆ ಬಂದು ಮುಟ್ಟಿತು.

ಆಸ್ಪತ್ರೆಯ ಬಾಗಿಲ ಕಾವಲಿನವನು ಇವರ ಮುಖ ನೋಡಿದವನೇ, ಶಾಲೆಯಿಂದ ಬಂದ ಹುಡುಗಿಯ ಕಡೆಯವರೇ ಎಂದು ಕೇಳಿದ. ಹುಡುಗಿ ಎಂದ. ಪಂಕ್ಚರ್ ಅಣ್ಣ ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡು ಕೈಯಿಂದ ಮುಖ ಒರೆಸಿಕೊಂಡ. ಮುಖವೆಲ್ಲ ಗ್ರೀಸಾಯಿತು. ಅಜ್ಜಿ ಗೋಡೆ ಹಿಡಿದು "ಸದ್ಯ" ಎಂದಳು. ಎಷ್ಟು ಮೆಲ್ಲಗೆ ಎಂದರೂ ಅದು ಎಲ್ಲರಿಗೂ ಕೇಳಿಸಿತು. ಅಂದದ್ದು ತಿಳಿದು ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹೋದ ಜೀವ ಬಂದದ್ದು ಅವರಿಬ್ಬರಿಗೆ. ಬಂದ ಜೀವವನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಇಬ್ಬರೂ ಹೆಂಗಸರ ಕಣ್ಣು ತಪ್ಪಿಸಿ ನಿಂತರು.

ಕಾವಲಿನವನಿಗೆ ಗೊತ್ತಿದ್ದದ್ದು ಸ್ವಲ್ಪವೇ. ಮೇಲಿನ ಮಹಡಿಯ ಕಂಬಿ ಕಿತ್ತು ಬಂತಂತೆ, ಹುಡುಗಿ ಒರಗಿ ನಿಂತಿದ್ದಳಂತೆ, ಕೆಳಗೆ ಸಿಮೆಂಟಿನ ನೆಲವಂತೆ. ಕರೆತಂದವರು ಹೊಸದಾಗಿ ಸೇರಿದ ಮೇಷ್ಟ್ರು, ರಕ್ತ ಹೊಂದಿಸಲು ಓಡಿದ್ದಾರೆ ಎಂದ. ಹೆಸರು ಕೇಳಿದರೆ, ಅದೆಲ್ಲ ಒಳಗಿನವರಿಗೆ ಗೊತ್ತು ಎಂದು ಬಾಗಿಲ ಕಡೆ ಕೈ ತೋರಿಸಿದ.

ಆ ಬಾಗಿಲ ಮುಂದೆ ಒಂದು ಉದ್ದದ ಕಬ್ಬಿಣದ ಬೆಂಚು. ಹೆಂಗಸರಿಬ್ಬರೂ ಅಕ್ಕಪಕ್ಕ ಕೂತರು. ಯಾರು ಮೊದಲು ಕೈ ಚಾಚಿದರೋ, ಒಬ್ಬರ ಕೈಯನ್ನು ಒಬ್ಬರು ಹಿಡಿದುಕೊಂಡರು. ಹತ್ತು ವರ್ಷ ಎದುರುಬದುರು ಬಾಳಿದವರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಗಂಜಿ ಕಾಯಿಸಿದವರು, ಒಬ್ಬರ ಮಗಳ ತಲೆಯ ಹೇನನ್ನು ಒಬ್ಬರು ತೆಗೆದವರು. ಆ ಕೈಗಳು ಬೆವೆತು ಅಂಟಿಕೊಂಡಿದ್ದವು. ಹಾಗೆ ಬಿಗಿಯಾಗಿ ಹಿಡಿದುಕೊಂಡೇ ಇಬ್ಬರೂ ಮನಸ್ಸಿನಲ್ಲಿ ಒಬ್ಬರ ಮಗಳ ಸಾವನ್ನು ಒಬ್ಬರು ಬೇಡಿಕೊಂಡರು. ಬಾಯಿಬಿಟ್ಟು ಹೇಳದಿದ್ದರೂ ಇಬ್ಬರಿಗೂ ಅದು ಗೊತ್ತಿತ್ತು, ಗೊತ್ತಿದ್ದೂ ಕೈ ಬಿಡಲಿಲ್ಲ.

ಬಾಗಿಲು ತೆರೆಯಿತು. ನರ್ಸು ಕೈಯಲ್ಲಿದ್ದ ಹತ್ತಿಯ ಪೊಟ್ಟಣದ ಮೇಲೆ ಗೀಚಿಕೊಂಡಿದ್ದ ಅಂಕಿಗಳನ್ನು ಒಂದೊಂದಾಗಿ ಓದಿ, ಈ ನಂಬರು ಯಾರದ್ದು ಎಂದು ಕೇಳಿದಳು.

"ನಂದು," ಎಂದಳು ಮಿಷನ್ ಅಕ್ಕ.

"ಹುಡುಗಿನೇ ಹೇಳಿದ್ಲು, ಅಮ್ಮನ ನಂಬರ್ ಅಂತ. ಬನ್ನಿ ಒಳಗೆ. ಒಬ್ಬರೇ."

ಯಾರಾದರೂ ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಆ ನಂಬರು ಪುಟ್ಟಿಗೂ ಅಮ್ಮನದೇ, ಗುಬ್ಬಿಗೂ ಅಮ್ಮನದೇ. ಹಾಗೆಂದು ಬಾಯಿಪಾಠ ಮಾಡಿಸಿದವರು ಇವರೇ. ಆದರೆ ಅಂಥ ಹೊತ್ತಿನಲ್ಲಿ ಯೋಚನೆ ಯಾರ ತಲೆಯಲ್ಲಿ ಉಳಿದಿರುತ್ತದೆ? ನನ್ನ ನಂಬರು, ನನ್ನ ಮಗಳು ಎಂದುಕೊಂಡಳು ಮಿಷನ್ ಅಕ್ಕ. ಎದುರುಮನೆಯವಳೂ ಹಾಗೆಯೇ ಅಂದುಕೊಂಡಳು. ಅಷ್ಟು ಹೊತ್ತು ಬಿಗಿಯಾಗಿದ್ದ ಅವಳ ಕೈ ಮೆಲ್ಲಗೆ ಸಡಿಲವಾಯಿತು. ಎದ್ದು ನಿಂತ ಮಿಷನ್ ಅಕ್ಕನಿಗೆ ಆ ಸಡಿಲವಾದದ್ದು ಚೆನ್ನಾಗಿ ತಿಳಿಯಿತು, ತಿಳಿದು ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಒಳಗೆ ಪರದೆ ಸರಿಸಿದರು. ಮಂಚದ ಮೇಲೆ ಮಲಗಿದ್ದ ಹುಡುಗಿಯ ತಲೆಗೆಲ್ಲ ಬಟ್ಟೆ ಸುತ್ತಿತ್ತು, ಮುಖದ ಒಂದು ಕಡೆ ಊದಿ ಕಣ್ಣು ಮುಚ್ಚಿಹೋಗಿತ್ತು. ಮಿಷನ್ ಅಕ್ಕ ಹತ್ತಿರ ಹೋದಳು. ಬಾಗಿ ನೋಡಿದಳು. ಗಲ್ಲದ ಕೆಳಗೆ ಕಪ್ಪು ಮಚ್ಚೆ. ಪುಟ್ಟಿಗೆ ಅಲ್ಲಿ ಮಚ್ಚೆಯಿಲ್ಲ.

"ಸದ್ಯ," ಎಂದುಬಿಟ್ಟಳು.

ಬಾಯಿ ತಪ್ಪಿ ಬಂದದ್ದಲ್ಲ ಅದು, ಹೊಟ್ಟೆಯ ಆಳದಿಂದಲೇ ಬಂದದ್ದು. ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಯಿತು. ಸಂತೋಷವಾಯಿತು. ಹೌದು, ಸಂತೋಷವೇ, ಬೇರೆ ಹೆಸರಿಟ್ಟು ಕರೆಯುವುದರಲ್ಲಿ ಅರ್ಥವಿಲ್ಲ. ಅವಳ ಮನೆಯಲ್ಲಿ ಉಂಡು ಬೆಳೆದ ಹುಡುಗಿ ಕಣ್ಣೆದುರು ಸಾಯುತ್ತಿದ್ದಳು, ಇವಳಿಗೆ ಮೈಯೆಲ್ಲ ಹಗುರವಾಗಿ ನಗು ಬರುವಂತಾಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಜೀವ ಇನ್ನೂ ಇದೆಯಲ್ಲ ಎಂದು ತಾಯಿ ಹಾಗಂದಳು ಎಂದು ಮಂಚದ ಪಕ್ಕದಲ್ಲಿದ್ದ ಡಾಕ್ಟರು ತಿಳಿದರು. ತಗ್ಗಿದ ದನಿಯಲ್ಲಿ, ಹೆಚ್ಚು ಹೊತ್ತಿಲ್ಲಮ್ಮ, ಏನಾದರೂ ಮಾತಾಡಿಸಿ, ಕೇಳಿಸಿದರೂ ಕೇಳಿಸಬಹುದು ಎಂದರು.

ಆಗ ಅವಳಿಗೆ ಎಚ್ಚರವಾಯಿತು. ನಾನು ತಾಯಿಯಲ್ಲ, ತಾಯಿ ಹೊರಗೆ ಕೂತಿದ್ದಾಳೆ, ಬೇಗ ಕರೆಯಿರಿ ಎಂದಳು. ನಂಬರು ನಿಮ್ಮದೇ ಅಂದಿರಲ್ಲ ಎಂದಳು ನರ್ಸು. ನಂಬರು ನನ್ನದು, ಮಗಳು ಅವಳದು ಎಂದರೆ ನರ್ಸಿಗೆ ತಲೆಬುಡ ತಿಳಿಯಲಿಲ್ಲ. ಡಾಕ್ಟರು ಗದರಿದ ಮೇಲೆ ನರ್ಸು ಹೊರಗೆ ಓಡಿದಳು.

ಅಷ್ಟರಲ್ಲಿ ಗುಬ್ಬಿಯ ತುಟಿ ಅಲ್ಲಾಡಿತು. ಮಿಷನ್ ಅಕ್ಕ ಕಿವಿ ಕೊಟ್ಟಳು. ಉಸಿರಿನ ಕೊನೆಯಲ್ಲಿ "...ಮ್ಮಾ" ಎಂದಷ್ಟೇ ಕೇಳಿಸಿತು. ಅಮ್ಮಾ ಎಂದಳೋ, ದೊಡ್ಡಮ್ಮಾ ಎನ್ನಲು ಹೋಗಿ ಮೊದಲ ಅಕ್ಷರಗಳಿಗೆ ಉಸಿರು ಸಾಲಲಿಲ್ಲವೋ, ಹೇಳುವವರು ಯಾರು? ತೆರೆದಿದ್ದ ಒಂದು ಕಣ್ಣು ಇವಳನ್ನು ನೋಡುತ್ತಿತ್ತೋ ಛಾವಣಿಯನ್ನೋ ಅದೂ ತಿಳಿಯಲಿಲ್ಲ. ಮತ್ತೊಮ್ಮೆ "...ಮ್ಮಾ" ಎಂದಳು. ಕರೆದ ಮಗುವಿಗೆ ಉತ್ತರ ಕೊಡದೆ ಇರುವುದು ಹೇಗೆ? ಬಾಗಿಲ ಕಡೆ ಒಂದು ಸಲ ನೋಡಿ, ಯಾರೂ ಬಾರದಿದ್ದುದನ್ನು ಕಂಡು, ಹುಡುಗಿಯ ಕೈ ಹಿಡಿದು ಮಿಷನ್ ಅಕ್ಕ "ಓ" ಎಂದಳು. "ಓ ಕಂದ, ಬಂದಿದೀನಿ," ಎಂದಳು. ಗುಬ್ಬಿಯ ಬೆರಳು ಸ್ವಲ್ಪ ಬಿಗಿಯಾಯಿತು.

ನರ್ಸು ಒಬ್ಬಳೇ ತಿರುಗಿ ಬಂದಳು. ಹುಡುಗಿಯ ತಾಯಿ ಯಾರು ಎಂದು ಎರಡು ಸಲ ಕೂಗಿದೆ, ಅಲ್ಲಿ ಕೂತ ಹೆಂಗಸು ತಾಯಿ ಆಗಲೇ ಒಳಗೆ ಹೋಗಿದ್ದಾಳೆ ಎನ್ನುತ್ತಾಳೆ ಎಂದಳು.

ಮಿಷನ್ ಅಕ್ಕ ಆ ಬೆರಳುಗಳನ್ನು ಬಿಡಿಸಿಕೊಂಡು ಓಡಿದಳು. ಬಾಗಿಲು ನೂಕಿ ಹೊರಗೆ ಬಂದಾಗ ಎದುರುಮನೆಯವಳು ಬೆಂಚಿನಿಂದ ಎದ್ದು ಎರಡೂ ಕೈ ಚಾಚಿಕೊಂಡು ಎದುರಿಗೆ ಬಂದಳು. ಅವಳ ಕಣ್ಣಿನಲ್ಲಿ ನಿಜವಾದ ನೀರಿತ್ತು. "ಧೈರ್ಯ ತಗೋ ಅಕ್ಕ," ಎಂದಳು. "ನಾವೆಲ್ಲ ಇದೀವಿ."

ಎಷ್ಟೋ ಸುದ್ದಿಗಳನ್ನು ಆ ಬಾಗಿಲಿನಿಂದ ಈ ಬಾಗಿಲಿಗೆ ದಾಟಿಸಿದ್ದವಳಿಗೆ ಆ ಹೊತ್ತಿನಲ್ಲಿ ಒಂದು ವಾಕ್ಯ ಪೂರ್ತಿ ಹುಟ್ಟಲಿಲ್ಲ.

"ಬಾ," ಎಂದಳು. "ಗುಬ್ಬಿ."

ಎದುರುಮನೆಯವಳಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಚಾಚಿದ ಕೈ ಹಾಗೇ ಚಾಚಿಕೊಂಡು ನಿಂತಿದ್ದಳು. ಪಂಕ್ಚರ್ ಅಣ್ಣ ಅವಳ ಭುಜ ಹಿಡಿದು ಬಾಗಿಲೊಳಕ್ಕೆ ತಳ್ಳಬೇಕಾಯಿತು. ಪರದೆಯ ಹತ್ತಿರ ಬರುವ ಹೊತ್ತಿಗೆ ಡಾಕ್ಟರು ಕೈಗವಸು ಕಳಚುತ್ತಿದ್ದರು. ಗುಬ್ಬಿಯ ಕೈ ಮಂಚದ ಅಂಚಿನಲ್ಲಿ, ಮಿಷನ್ ಅಕ್ಕ ಬಿಡಿಸಿಕೊಂಡು ಹೋಗಿದ್ದ ರೀತಿಯಲ್ಲೇ ಬಿದ್ದಿತ್ತು.

ಮಧ್ಯಾಹ್ನ ಶಾಲೆಯ ದೊಡ್ಡವರು ಬಂದರು. ನಾಲ್ಕು ಜನ, ಒಗೆದ ಬಟ್ಟೆ, ತಗ್ಗಿಸಿದ ತಲೆ. ಕಂಬಿಯ ಬಗ್ಗೆ ಕೇಳಿದರೆ ವಿಚಾರಣೆ ಆಗುತ್ತದೆ ಎಂದರು. ಪೋಷಕರಿಗೆ ಮಾತ್ರ ನಾವು ಕೂಡಲೇ ತಿಳಿಸಿದ್ದೇವೆ, ಒಂದು ಗಳಿಗೆಯೂ ತಡಮಾಡಿಲ್ಲ ಎಂದು ಬರೆದುಕೊಳ್ಳಲು ಬಂದಿದ್ದ ಪೊಲೀಸಿನವನಿಗೆ ಎರಡೆರಡು ಸಲ ಹೇಳಿದರು. ತಿಳಿಸಿದ್ದೇನೋ ಸುಳ್ಳಲ್ಲ. ಯಾರಿಗೆ ತಿಳಿಸಿದಿರಿ ಎಂದು ಪೊಲೀಸಿನವನು ಕೇಳಲಿಲ್ಲ. ಅವರ ಪಟ್ಟಿಯ ಪ್ರಕಾರ ಗುಬ್ಬಿಯ ತಾಯಿ ಮಿಷನ್ ಅಕ್ಕನೇ. ಕಾಗದಕ್ಕೆ ಸಹಿ ಹಾಕಲು ಮೊದಲು ಅವಳನ್ನೇ ಕರೆದರು. ಪಂಕ್ಚರ್ ಅಣ್ಣ ಅವರ ಮೇಲೆ ಏರಿಹೋದ, ನಾಲ್ಕು ಜನ ಹಿಡಿದುಕೊಂಡರು.

ಪುಟ್ಟಿ ಉಳಿದ ಮಕ್ಕಳ ಜೊತೆ ನಡೆದುಕೊಂಡೇ ಆಸ್ಪತ್ರೆಗೆ ಬಂದಿದ್ದಳು. ಗೇಟಿನ ಆಚೆ ಚೀಲ ಹೊತ್ತು, ಅತ್ತೂ ಅತ್ತೂ ಊದಿದ ಮುಖದಲ್ಲಿ ನಿಂತಿದ್ದಳು. ಓಡಿಹೋಗಿ ಅವಳನ್ನು ಎದೆಗವಚಿಕೊಂಡು ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಬೇಕೆಂದು ಮಿಷನ್ ಅಕ್ಕನ ಕೈ ಚಡಪಡಿಸಿತು. ಪಕ್ಕದಲ್ಲಿ ಎದುರುಮನೆಯವಳು ಕೂತಿದ್ದಳು. ಮಿಷನ್ ಅಕ್ಕ ಕದಲಲಿಲ್ಲ. ಮನೆಗೆ ಹೋಗು ಎಂದು ದೂರದಿಂದಲೇ ಕಣ್ಣು ಸನ್ನೆ ಮಾಡಿದಳು, ಯಾರೋ ಗುರುತಿಲ್ಲದ ಹುಡುಗಿಗೆ ಮಾಡಿದ ಹಾಗೆ. ಪುಟ್ಟಿ ಅರ್ಥವಾಗದೆ ಇನ್ನಷ್ಟು ಅತ್ತಳು. ಕೊನೆಗೆ ಅಜ್ಜಿ ಮೊಮ್ಮಗನ ಹೆಗಲು ಹಿಡಿದು ಹೋಗಿ ಅವಳ ಕೈ ಹಿಡಿದು ಕರೆದುಕೊಂಡು ಹೋದಳು.

ಹೆಣ ಕೊಡುವುದು ಸಂಜೆಯಾಗುತ್ತದೆ ಎಂದರು. ಇಬ್ಬರೂ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತರು. ಎದುರುಮನೆಯವಳ ತಲೆ ಇನ್ನೂ ಅರ್ಧವೇ ಬಾಚಿತ್ತು. ಅತ್ತು ಮುಗಿದಿತ್ತು, ಅಥವಾ ಇನ್ನೂ ಶುರುವಾಗಿರಲಿಲ್ಲ, ನೋಡಿದವರಿಗೆ ತಿಳಿಯುವಂತಿರಲಿಲ್ಲ. ಪಂಕ್ಚರ್ ಅಣ್ಣ ತಂದಿಟ್ಟ ಟೀ ಮುಟ್ಟದೆ ಕೆನೆಗಟ್ಟಿತ್ತು. ಅವಳು ಎದುರಿನ ಗೋಡೆಯನ್ನೇ ನೋಡುತ್ತಾ ಕೇಳಿದಳು.

"ಏನಾದ್ರೂ ಅಂದ್ಲಾ ಅಕ್ಕ?"

ಮಿಷನ್ ಅಕ್ಕನ ಬಾಯಿಗೆ ಎಷ್ಟೋ ಮಾತು ಬಂತು. ಸೇರಿಸಿ ಹೇಳುವುದು ಅವಳಿಗೆ ಕಷ್ಟವೇ? ಅಮ್ಮನಿಗೆ ಅಳಬೇಡ ಅನ್ನು ಎಂದಳು ಎನ್ನಬಹುದಿತ್ತು. ನೋವಾಗುತ್ತಿಲ್ಲ ಎಂದಳು ಎನ್ನಬಹುದಿತ್ತು. ಇನ್ನೂ ನಾಲ್ಕು ಒಳ್ಳೆಯ ಮಾತು ಹೆಣೆದು ಕೊಟ್ಟಿದ್ದರೆ ಈ ಹೆಂಗಸು ಜೀವಮಾನವಿಡೀ ಅದನ್ನು ಹಿಡಿದುಕೊಂಡು ಇರುತ್ತಿದ್ದಳು. ಆದರೆ ಅವತ್ತು ಒಂದು ಅಕ್ಷರ ಸೇರಿಸಲೂ ಅವಳಿಗೆ ಮನಸ್ಸಾಗಲಿಲ್ಲ. ತನಗೆ ಕೇಳಿಸಿದ್ದರಲ್ಲಿ ಇದ್ದ ಅನುಮಾನವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟಳು.

"ಅಮ್ಮಾ ಅಂದ್ಲು."

"ಎಷ್ಟು ಸಲ?"

"ಎರಡು ಸಲ."

"ನೀನೇನಂದೆ?"

"ಓ ಅಂದೆ. ಬಂದಿದೀನಿ ಅಂದೆ."

ಎದುರುಮನೆಯವಳು ತಲೆಯಾಡಿಸಿದಳು. ಸಿಟ್ಟಾಗುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ, ನನ್ನ ಮಗಳಿಗೆ ಓ ಅನ್ನಲು ನೀನ್ಯಾರು ಎನ್ನುತ್ತಾಳೆ ಎಂದು ಮಿಷನ್ ಅಕ್ಕ ಕಾದಳು. ಹಾಗೆ ಮಾಡಿದ್ದರೆ ಚೆನ್ನಾಗಿತ್ತು.

"ನರ್ಸು ಬಂದು ತಾಯಿ ಯಾರು ಅಂತ ನನ್ನನ್ನೂ ಎರಡು ಸಲ ಕೇಳಿದ್ರು," ಎಂದಳು ಅವಳು. "ಓ ಅನ್ಲಿಲ್ಲ ನಾನು. ಸದ್ಯ, ನನ್ನ ಮಗಳಲ್ಲ ಅನ್ಕೊಂಡು ಕೂತಿದ್ದೆ. ಖುಷಿಯಾಗಿ ಕೂತಿದ್ದೆ ಅಕ್ಕ."

ನಾನೂ ಹಾಗೇ ಅಂದೆ, ನಿನ್ನ ಮಗಳ ಮುಖ ನೋಡಿಕೊಂಡೇ ಅಂದೆ ಎಂದು ಹೇಳಬೇಕೆಂದು ಮಿಷನ್ ಅಕ್ಕ ಬಾಯಿ ತೆರೆದಳು. ಹೇಳಲಿಲ್ಲ. ತನ್ನ ಮಗಳು ಬದುಕಿದ್ದಳು.